ಹೊಸ ಸೈಕಲ್, ಅದೇ ಹಳೇ ದಾರಿ

ಹೊಸ ಸೈಕಲ್ ಕೊಂಡವರು ಮೊದಲು ತೋರಿಸುವುದು ಫೋಟೋ. ಅದಕ್ಕೂ ಒಂದು ಕ್ರಮ ಇದೆ. ಚೈನ್ ಇರುವ ಬಲಗಡೆಯೇ ಕಾಣಬೇಕು. ಚೈನ್ ಮುಂದೆ ದೊಡ್ಡ ರಿಂಗ್, ಅಂದರೆ ಹಲ್ಲುಚಕ್ರದ ಮೇಲೆ, ಹಿಂದೆ ಚಿಕ್ಕದರ ಮೇಲೆ ಕೂತಿರಬೇಕು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಹೀಗಿರಬೇಕು, ವಾಲ್ವ್ ಹಾಗಿರಬೇಕು, ಹಿಂದಿನ ಗೋಡೆ ಸಪ್ಪೆಯಾಗಿರಬೇಕು. ಸೈಕಲ್ ಹುಚ್ಚು ಹತ್ತಿದವರಿಗೆ ಇದೆಲ್ಲ ಬಾಯಿಪಾಠ. ನಾನೂ ಹಾಗೇ ನಿಲ್ಲಿಸಿ ಫೋಟೋ ತೆಗೆದೆ, ಸುಳ್ಳು ಯಾಕೆ ಹೇಳಲಿ. ಆದರೆ ಬೇರೆಯವರ ಹೊಸ ಸೈಕಲ್ ನೋಡಿದಾಗ ನನಗೆ ಕೇಳಬೇಕು ಅನ್ನಿಸುವ ಪ್ರಶ್ನೆಗಳು ಬೇರೆ. ಇದನ್ನು ಯಾವ ದಾರಿಯಲ್ಲಿ ಓಡಿಸುತ್ತೀರಿ? ಮತ್ತೆ ಮತ್ತೆ ಹೋಗಬೇಕು ಅನ್ನಿಸುವ ಸವಾರಿ ಯಾವುದು? ಅಷ್ಟು ಗೊತ್ತಾದರೆ ಈ ಸೈಕಲ್ ಯಾಕೆ ತೆಗೆದುಕೊಂಡಿರಿ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ನನ್ನ ಆಯ್ಕೆ ಶುರುವಾಗಿದ್ದೂ ದಾರಿಯಿಂದಲೇ. ನನಗೊಂದು ಸುತ್ತು ಇದೆ, ಸುಮಾರು 55 ಕಿ.ಮೀ. ಮೊದಲ 20 ಕಿ.ಮೀ. ಸಮತಟ್ಟಾದ ಡಾಂಬರು ರಸ್ತೆ, ಬೆಳಗಿನ ಹೊತ್ತು ಗಾಡಿಗಳು ಕಡಿಮೆ. ಆಮೇಲೆ ನಾಲೆಯ ಪಕ್ಕದ ಮಣ್ಣು ದಾರಿ 7 ಕಿ.ಮೀ. ಅಲ್ಲಲ್ಲಿ ಜಲ್ಲಿ, ಅಲ್ಲಲ್ಲಿ ಟ್ರ್ಯಾಕ್ಟರ್ ಟೈರಿನ ಜಾಡು, ಮಳೆ ಬಂದರೆ ಕೆಸರು. ಅದು ಮುಗಿದು ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ 5 ಕಿ.ಮೀ. ಏರು ಶುರು. ಸರಾಸರಿ 6 ಪರ್ಸೆಂಟ್, ಅಂದರೆ 100 ಮೀಟರ್ ಮುಂದೆ ಹೋದರೆ 6 ಮೀಟರ್ ಮೇಲೆ. ಕೊನೆಯ ಅರ್ಧ ಕಿಲೋಮೀಟರ್ ಮಾತ್ರ 10 ಪರ್ಸೆಂಟ್. ಮೇಲೆ ಮುಟ್ಟಿದ ಮೇಲೆ ಅಂಕುಡೊಂಕು ಇಳಿಜಾರು. ಅಲ್ಲಿಂದ ಮನೆಯವರೆಗೆ ಎದುರುಗಾಳಿ, ಅದೂ ಕಾಲು ಸೋತ ಮೇಲೆ. ಇಷ್ಟವಾದ ದಾರಿ ಅಂದರೆ ಸುಲಭದ ದಾರಿ ಅಂತಲ್ಲ.

ಹಳೆಯ ಸೈಕಲ್ ಒಂದು ಹೈಬ್ರಿಡ್. ಅಲ್ಯೂಮಿನಿಯಂ ಫ್ರೇಮ್, ನೇರ ಹ್ಯಾಂಡಲ್, ಮುಂದೆ ಮೂರು ರಿಂಗ್, 35 ಮಿ.ಮೀ. ಟೈರ್, ರಿಮ್ಮನ್ನು ಹಿಡಿಯುವ ವಿ-ಬ್ರೇಕ್. ಅದರ ಬಗ್ಗೆ ಕೆಟ್ಟ ಮಾತು ಆಡುವ ಹಾಗಿಲ್ಲ. ಮಣ್ಣು ದಾರಿ ದಾಟಿಸಿತು, ಏರು ಹತ್ತಿಸಿತು. ಎರಡು ಕಡೆ ಮಾತ್ರ ಕೊರತೆ. ಇಳಿಜಾರಿನಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವ ಮೊದಲು ಅರ್ಧ ಸೆಕೆಂಡು ಏನೂ ಆಗುವುದಿಲ್ಲ, ಆ ಅರ್ಧ ಸೆಕೆಂಡು ಬಹಳ ದೊಡ್ಡದು. ಇನ್ನೊಂದು, ವಾಪಸ್ ಬರುವಾಗಿನ ಗಾಳಿ. ನೇರ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತರೆ ಎದೆಯೇ ಗಾಳಿಗೆ ಅಡ್ಡ ನಿಂತ ಬಾಗಿಲು. ಕೈ ಹಿಡಿಯಲು ಬೇರೆ ಜಾಗವೂ ಇಲ್ಲ.

ಸೈಕಲ್ ಹುಡುಕಲು ಹೊರಟರೆ ಕಣ್ಣು ಮೊದಲು ಹೋಗುವುದು ರೋಡ್ ಬೈಕ್ ಕಡೆ. ಸಣ್ಣ ಟೈರ್, ಹಗುರ ಫ್ರೇಮ್, ನೋಡಿದರೇ ಓಡುತ್ತಿದೆ ಅನ್ನಿಸುವ ಆಕಾರ. ಒಂದನ್ನು ಓಡಿಸಿಯೂ ನೋಡಿದೆ. ಸಮತಟ್ಟು ರಸ್ತೆಯಲ್ಲಿ ಮಜವಾಗಿತ್ತು. ಆದರೆ ಅದರ ಗೇರ್ ನೋಡಿ ಲೆಕ್ಕ ಹಾಕಿದೆ. ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 28. ಅತಿ ಹಗುರ ಗೇರ್ ಅಂದರೆ 34ಕ್ಕೆ 28. ಒಂದು ಸಲ ಪೆಡಲ್ ಪೂರ್ತಿ ಸುತ್ತಿದರೆ ಹಿಂದಿನ ಚಕ್ರ 1.2 ಸುತ್ತು ಸುತ್ತುತ್ತದೆ. ನನ್ನ ಏರಿನ ಕೊನೆಯ ತುಂಡಿನಲ್ಲಿ, ಆ 10 ಪರ್ಸೆಂಟಿನಲ್ಲಿ, ನಿಮಿಷಕ್ಕೆ 70 ಸುತ್ತು ತುಳಿಯಬೇಕೆಂದರೆ ಗಂಟೆಗೆ 11 ಕಿ.ಮೀ. ವೇಗದಲ್ಲಿ ಹೋಗಬೇಕು. ನಾನು, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಅಂತ ಇಟ್ಟುಕೊಳ್ಳಿ, ಆ ವೇಗದಲ್ಲಿ ಬರೀ ಭಾರ ಮೇಲೆತ್ತುವುದಕ್ಕೇ 240 ವ್ಯಾಟ್ ಬೇಕು. ಗಾಳಿ, ಟೈರಿನ ಎಳೆತ ಬೇರೆ. ಅಷ್ಟು ಶಕ್ತಿ ನನ್ನ ಕಾಲಲ್ಲಿ ಅಷ್ಟು ಹೊತ್ತು ಇರುವುದಿಲ್ಲ. ಆಗ ಏನಾಗುತ್ತದೆ ಅಂದರೆ ಪೆಡಲ್ ನಿಧಾನವಾಗುತ್ತದೆ, 70 ಹೋಗಿ 50, 50 ಹೋಗಿ 40, ಪ್ರತಿ ಸುತ್ತಿಗೂ ಮಂಡಿ ಮೇಲೆ ಪೂರ್ತಿ ಭಾರ ಹಾಕಿ ಒತ್ತಬೇಕು, ಆಮೇಲೆ ಇಳಿದು ತಳ್ಳಬೇಕು.

ಇನ್ನೊಂದು ಕಡೆ ಮುಂದೆ 46 ಮತ್ತು 30, ಹಿಂದೆ 11ರಿಂದ 34 ಇರುವ, ಡಾಂಬರು ಮಣ್ಣು ಎರಡರಲ್ಲೂ ಓಡಿಸುವ ಗ್ರ್ಯಾವೆಲ್ ಬೈಕ್ ಸಿಕ್ಕಿತು. 30ಕ್ಕೆ 34 ಅಂದರೆ ಪೆಡಲ್ ಒಂದು ಸುತ್ತು ಹಾಕಿದರೆ ಚಕ್ರ ಒಂದು ಸುತ್ತೂ ಪೂರ್ತಿ ಬರುವುದಿಲ್ಲ. ಅದೇ 70ರಲ್ಲಿ ತುಳಿದರೆ ಗಂಟೆಗೆ 8 ಕಿ.ಮೀ., ಸುಮಾರು 175 ವ್ಯಾಟ್. ಇದು ಕಷ್ಟ, ಆದರೆ ಆಗುವ ಕಷ್ಟ. ಅಲ್ಲಿಗೆ ನನ್ನ ತೀರ್ಮಾನ ಹೆಚ್ಚುಕಡಿಮೆ ಆಗಿಹೋಯಿತು. ಜನ ಫ್ರೇಮ್ ಕಾರ್ಬನ್ನಾ, ಸ್ಟೀಲಾ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ, ಅತಿ ಹಗುರ ಗೇರ್ ಯಾವುದು ಅಂತ ಕೇಳುವವರು ಕಡಿಮೆ. ಏರು ಇರುವ ಊರಿನವರಿಗೆ ಅದಕ್ಕಿಂತ ಮುಖ್ಯವಾದ ಸಂಖ್ಯೆ ಇಲ್ಲ ಅಂತ ನನ್ನ ಅನಿಸಿಕೆ.

ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ ಬಗ್ಗೆಯೂ ಯೋಚಿಸಿದೆ. 7 ಕಿ.ಮೀ. ಮಣ್ಣಿಗೆ ಅದು ಹೇಳಿ ಮಾಡಿಸಿದ್ದು, ಉಳಿದ 48ಕ್ಕೆ ಬೇಡ. ಅಷ್ಟೇ.

ಭಾರದ ವಿಷಯ ಒಂದು ಹೇಳಿಬಿಡುತ್ತೇನೆ. ಹಳೆಯದು 13 ಕೆ.ಜಿ., ಹೊಸದು 10. ಮೂರು ಕೆ.ಜಿ. ಇಳಿಯಿತು ಅಂತ ಎಲ್ಲರ ಹತ್ತಿರ ಹೇಳಿಕೊಂಡೆ. ಸೈಕಲ್ಲನ್ನು ಕೈಯಲ್ಲಿ ಎತ್ತಿದರೆ ವ್ಯತ್ಯಾಸ ಭರ್ಜರಿ. ಆದರೆ ಏರಿನಲ್ಲಿ ಎತ್ತಬೇಕಾದ್ದು ಬರೀ ಸೈಕಲ್ಲನ್ನಲ್ಲ, ನನ್ನನ್ನೂ ಅಲ್ವಾ. 83 ಕೆ.ಜಿ.ಯಲ್ಲಿ 3 ಅಂದರೆ ನೂರಕ್ಕೆ ಮೂರೂವರೆ. ಹಳೆಯ ಸೈಕಲ್ಲಿನಲ್ಲಿ 27 ನಿಮಿಷ ಹಿಡಿಯುತ್ತಿದ್ದ ಏರು ಅದೇ ದಮ್ಮಿನಲ್ಲಿ ತುಳಿದರೆ 26ಕ್ಕೆ ಬರುತ್ತದೆ. ಒಂದು ನಿಮಿಷ. ಪಂದ್ಯಕ್ಕೆ ಹೋಗುವವರಿಗೆ ಅದು ಬೆಟ್ಟದಷ್ಟು, ನನ್ನಂಥವನಿಗೆ ಮೇಲೆ ನಿಂತು ನೀರು ಕುಡಿಯುವ ಹೊತ್ತು. ಪಂದ್ಯಗಳಲ್ಲೂ ಯುಸಿಐ, ಅಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರುವ ಹಾಗಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಆತುರ ಮಾಡಲಿಲ್ಲ. ಎರಡು ಕಂಪನಿಯ ಫ್ರೇಮ್ ಮೇಲೂ 54 ಅಂತಲೇ ಬರೆದಿತ್ತು. ಆದರೆ ರೀಚ್ ಒಂದರದ್ದು ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಜಾಸ್ತಿ. ರೀಚ್ ಅಂದರೆ ಕ್ರ್ಯಾಂಕ್ ಸುತ್ತುವ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಯವರೆಗಿನ ಅಡ್ಡ ದೂರ, ಅದೇ ಎರಡು ಬಿಂದುಗಳ ನಡುವಿನ ಎತ್ತರ ಸ್ಟ್ಯಾಕ್. ಸ್ಮಾಲ್, ಮೀಡಿಯಂ, 54, 56 ಇವೆಲ್ಲ ಬರೀ ಹೆಸರು. ಎರಡು ಸೈಕಲ್ ಹೋಲಿಸುವುದಾದರೆ ಈ ಎರಡು ಅಂಕಿ ಸಾಕು. ನಾನು ರೀಚ್ ಕಡಿಮೆ, ಸ್ಟ್ಯಾಕ್ ಜಾಸ್ತಿ ಇರುವುದನ್ನು ತೆಗೆದುಕೊಂಡೆ. ಬೆನ್ನು ಹೇಳಿದ ಹಾಗೆ ಕೇಳಬೇಕಾದ ವಯಸ್ಸು.

ಸೈಕಲ್ ಪೆಟ್ಟಿಗೆಯಲ್ಲಿ ಬಂತು. ಮುಂದಿನ ಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಜೋಡಿಸುವುದು ನನ್ನ ಪಾಲಿಗೆ. ಇದನ್ನು ಬೇರೆಯವರಿಗೆ ಬಿಡಬಹುದಿತ್ತು, ಆದರೆ ಸ್ವಂತ ಕೈಯಲ್ಲಿ ಜೋಡಿಸಿದ ಸೈಕಲ್ಲಿನಲ್ಲಿ ಏನಾದರೂ ಟಕ್ ಅಂದರೆ ಎಲ್ಲಿಂದ ಬಂತು ಅಂತ ಊಹಿಸಬಹುದು. ಎಡ ಪೆಡಲ್ ಸ್ಕ್ರೂ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿ. ಬಲದ್ದು ಮಾಮೂಲಿ. ತುಳಿಯುವಾಗ ಪೆಡಲಿನ ಮೇಲೆ ಬೀಳುವ ಭಾರ ಸುತ್ತುತ್ತಾ ಇರುತ್ತದೆ, ಅದರಿಂದ ಅಚ್ಚು ಸ್ವಲ್ಪ ಸ್ವಲ್ಪವೇ ಸಡಿಲವಾಗಲು ನೋಡುತ್ತದೆ, ಎರಡೂ ಕಡೆ ಒಂದೇ ಥರ ಸ್ಕ್ರೂ ಇದ್ದಿದ್ದರೆ ಎಡದ್ದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಸ್ಕ್ರೂಗೆ ಗ್ರೀಸ್ ಹಚ್ಚಿ ಮೊದಲು ಬೆರಳಲ್ಲೇ ತಿರುಗಿಸಬೇಕು, ಸಲೀಸಾಗಿ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ಸ್ಪ್ಯಾನರ್. ಅಲ್ಯೂಮಿನಿಯಂ ಕ್ರ್ಯಾಂಕಿನ ಒಳಗಿನ ಸ್ಕ್ರೂ ಒಂದು ಸಲ ಸವೆದರೆ ಅದನ್ನು ಸರಿಮಾಡುವುದು ದೊಡ್ಡ ತಲೆನೋವು.

ಹ್ಯಾಂಡಲ್ ಜೋಡಿಸುವಾಗ ಕ್ರಮ ಮುಖ್ಯ. ಮೇಲಿನ ಮುಚ್ಚಳದ ಬೋಲ್ಟ್ ಮೊದಲು, ಹ್ಯಾಂಡಲನ್ನು ಹಿಡಿದಿಡುವ ತುಂಡಿನ, ಅಂದರೆ ಸ್ಟೆಮ್ಮಿನ ಪಕ್ಕದ ಬೋಲ್ಟ್‌ಗಳು ಆಮೇಲೆ. ಮುಚ್ಚಳದ ಬೋಲ್ಟ್ ಕೆಲಸ ಬೇರಿಂಗ್ ಒತ್ತಿ ಹಿಡಿಯುವುದಷ್ಟೇ. ಅದು ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಬೇಕು. ಕಟ್ ಕಟ್ ಅಂತ ಬೆರಳಿಗೆ ತಾಗಿದರೆ ಸಡಿಲ. ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಹೊರಳದಿದ್ದರೆ ತೀರಾ ಬಿಗಿ. ಸ್ಟೆಮ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿತ್ತು, ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ವ್ರೆಂಚ್ ಇಟ್ಟು ಅಷ್ಟೇ ಬಿಗಿ ಮಾಡಿದೆ. ಕೈ ಅಂದಾಜಿಗೆ 5 ಎಷ್ಟು ಕಡಿಮೆ ಅಂತ ಆಗ ಗೊತ್ತಾಯಿತು. ಅಭ್ಯಾಸದ ಕೈ ಇನ್ನೂ ಕಾಲು ಸುತ್ತು ತಿರುಗಿಸು ಅನ್ನುತ್ತಲೇ ಇತ್ತು.

ಡಿಸ್ಕ್ ಬ್ರೇಕ್ ಮೊದಲ ದಿನ ನೋಡಿದವರಿಗೆ ನಿರಾಸೆ ಆಗುವುದು ಸಹಜ. ಹಿಡಿದರೂ ಹಿಡಿದ ಹಾಗೆ ಇರುವುದಿಲ್ಲ, ಜತೆಗೆ ಕಿರುಚಾಟ. ಹೊಸ ಪ್ಯಾಡಿನ ವಸ್ತು ಡಿಸ್ಕ್ ಮೇಲೆ ತೆಳುವಾಗಿ, ಸಮವಾಗಿ ಅಂಟಿಕೊಳ್ಳಬೇಕು, ಆಮೇಲೆಯೇ ಅದಕ್ಕೆ ಹಿಡಿತ. ಖಾಲಿ ರಸ್ತೆಯಲ್ಲಿ ಒಂದಷ್ಟು ವೇಗಕ್ಕೆ ಬಂದು, ಚಕ್ರ ಜಾಮ್ ಆಗದ ಹಾಗೆ ಗಟ್ಟಿಯಾಗಿ ಬ್ರೇಕ್ ಒತ್ತಿ, ನಡಿಗೆಯ ವೇಗಕ್ಕೆ ಇಳಿಸಿ ಬಿಟ್ಟುಬಿಡಬೇಕು. ಪೂರ್ತಿ ನಿಲ್ಲಿಸಬಾರದು. ಮತ್ತೆ ಅದೇ. ಹತ್ತಿಪ್ಪತ್ತು ಸಲ ಮುಂದಿನದು, ಹತ್ತಿಪ್ಪತ್ತು ಸಲ ಹಿಂದಿನದು. ನೋಡುವವರಿಗೆ ಇವನಿಗೆ ಏನಾಗಿದೆ ಅನ್ನಿಸಬಹುದು. ಮಧ್ಯದಲ್ಲೇ ಗೊತ್ತಾಗುತ್ತದೆ, ಲಿವರ್ ಒತ್ತಿದ ತಕ್ಷಣ ಮೈ ಮುಂದಕ್ಕೆ ವಾಲತೊಡಗುತ್ತದೆ. ಡಿಸ್ಕ್ ಮೇಲೆ ಮಾತ್ರ ಬೆರಳು ಇಡಬಾರದು, ಕೈಯ ಎಣ್ಣೆ ಸಾಕು ಪ್ಯಾಡ್ ಹಾಳಾಗಲು.

ಇಷ್ಟಾದ ಮೇಲೆ ನನ್ನ ಸುತ್ತಿಗೆ ಹೊರಟೆ.

ಹೊಸ ಸೈಕಲ್ಲನ್ನು ಗೊತ್ತಿರುವ ದಾರಿಯಲ್ಲೇ ಓಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೊತ್ತಿಲ್ಲದ ದಾರಿಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ಯಾಕೆಂದರೆ ಹೋಲಿಸಲು ಏನೂ ಇಲ್ಲ. ಗೊತ್ತಿರುವ ದಾರಿ ಅಳತೆಗೋಲು. ಎಲ್ಲಿ ಯಾವ ಗೇರಿಗೆ ಇಳಿಯುತ್ತಿದ್ದೆ, ಯಾವ ಉಬ್ಬಿನಲ್ಲಿ ಸೀಟಿನಿಂದ ಏಳುತ್ತಿದ್ದೆ, ಎಲ್ಲಿ ಬೆನ್ನು ಹಿಡಿಯುತ್ತಿತ್ತು, ಇದೆಲ್ಲ ಮೈಗೆ ನೆನಪಿರುತ್ತದೆ.

ಮೊದಲ 20 ಕಿ.ಮೀ. ಮುಗಿಯುವ ಮೊದಲೇ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ಆ ಎರಡೇ ಬೆರಳು. ಅಂಗೈಯ ಹೊರ ಅಂಚಿನಲ್ಲಿ ಅಲ್ನಾರ್ ಅನ್ನುವ ನರ ಹೋಗುತ್ತದೆ, ಅದರ ಮೇಲೆ ಮೈಯ ಭಾರ ಬಿದ್ದರೆ ಹೀಗೆ. ಕೈಗವಸು ದಪ್ಪ ಮಾಡಿದರೆ ಹೋಗುತ್ತದೆ ಅನ್ನುವವರಿದ್ದಾರೆ, ನನಗೆ ಹಾಗನ್ನಿಸಲಿಲ್ಲ. ಭಾರ ಕೈಗೆ ಯಾಕೆ ಬರುತ್ತಿದೆ ಅನ್ನುವುದು ಪ್ರಶ್ನೆ. ಸೀಟಿನ ಮೂತಿ ಸ್ವಲ್ಪ ಕೆಳಗೆ ಬಾಗಿತ್ತು, ಮೈ ಮುಂದಕ್ಕೆ ಜಾರುತ್ತಿತ್ತು, ಕೈ ತಡೆಯುತ್ತಿತ್ತು. ಸೀಟು ಮಟ್ಟ ಮಾಡಿದೆ. ಅರ್ಧ ಜೋಮು ಹೋಯಿತು. ಮುಂದಿನ ವಾರ ಬ್ರೇಕ್ ಲಿವರ್‌ಗಳನ್ನು ಚೂರು ಮೇಲಕ್ಕೆ ಸರಿಸಿದೆ, ಮಣಿಕಟ್ಟು ನೇರವಾಯಿತು. ಕೊನೆಗೆ 100 ಮಿ.ಮೀ. ಸ್ಟೆಮ್ ತೆಗೆದು 80ರದ್ದು ಹಾಕಿದೆ. ಎರಡು ಸೆಂಟಿಮೀಟರ್, ಅಷ್ಟೇ. ಹೆಗಲು ಕೆಳಗಿಳಿಯಿತು, ಮೊಣಕೈ ತಾನಾಗಿ ಬಾಗಿತು, ಜೋಮಿನ ಸುದ್ದಿ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಸುತ್ತು. ಮೂರು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ, ಯಾವುದರಿಂದ ಕೆಟ್ಟಿತು ಅನ್ನುವುದಂತೂ ಇಲ್ಲವೇ ಇಲ್ಲ. ಸೀಟಿನ ಕೊಳವೆಗೆ ಒಂದು ಸುತ್ತು ಟೇಪ್ ಸುತ್ತಿದ್ದೆ, ಮೊದಲು ಎಲ್ಲಿತ್ತು ಅಂತ ತಿಳಿಯಲು. ಎತ್ತರಕ್ಕೆ ಎಲ್ಲರೂ ಹೇಳುವ ಉಪಾಯವೇ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು, ಆಮೇಲೆ ಪಾದದ ಮುಂಭಾಗ ಇಟ್ಟಾಗ ಮಂಡಿ ತುಸು ಬಾಗಿರುತ್ತದೆ. ಇದು ಶುರುವಿಗೆ ಸರಿ. ಅಲ್ಲಿಂದ ಎರಡು ಮೂರು ಮಿಲಿಮೀಟರ್‌ನಂತೆ ಆಚೀಚೆ. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ಬಂದರೆ ಎತ್ತರ. ಮಂಡಿ ಇದನ್ನು ಸಮತಟ್ಟಿನಲ್ಲಿ ಹೇಳುವುದಿಲ್ಲ, ಏರಿನಲ್ಲೇ ಹೇಳುವುದು.

ಗೇರು ಮೊದಲ ಕೆಲವು ಸವಾರಿಗಳಲ್ಲಿ ಬೆಣ್ಣೆ. ಆಮೇಲೆ ಒಂದು ಬೆಳಿಗ್ಗೆ, ಸರಿಯಾಗಿ ಏರು ಶುರುವಾಗುವ ಕಡೆ, ಹಿಂದಿನಿಂದ ಟಿಕ್ ಟಿಕ್ ಟಿಕ್. ಹಗುರ ಗೇರಿಗೆ ಲಿವರ್ ಒತ್ತಿದರೆ ಚೈನ್ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ದಡಕ್ಕನೆ ಹತ್ತುತ್ತಿತ್ತು. ಎಲ್ಲರೂ ಕೇಬಲ್ ಎಳೆದುಕೊಂಡಿದೆ ಅನ್ನುತ್ತಾರೆ. ನಿಜವಾಗಿ ಉಕ್ಕಿನ ತಂತಿ ಅಷ್ಟೇನೂ ಉದ್ದವಾಗುವುದಿಲ್ಲ, ಅದರ ಹೊರಕವಚದ ತುದಿಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ, ತಂತಿ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಸೈಕಲ್ಲನ್ನು ಮೈಲಿಗಲ್ಲಿಗೆ ಒರಗಿಸಿದೆ. ಚೈನನ್ನು ಗೇರಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ಗೆ ಕೇಬಲ್ ಒಳಹೋಗುವ ಕಡೆ ಬೆರಳಿಗೆ ಸಿಗುವ ಒಂದು ಸಣ್ಣ ತಿರುಪು ಇದೆ, ಗೆರೆ ಗೆರೆ ಇರುವ ಪೀಪಾಯಿ ಥರದ್ದು. ಹಿಂದಿನಿಂದ ನೋಡಿದಾಗ ಎಡಕ್ಕೆ, ಗಡಿಯಾರಕ್ಕೆ ಉಲ್ಟಾ, ಕಾಲು ಸುತ್ತು ತಿರುಗಿಸಿದೆ. ಟಿಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಒಂದು ಗೇರ್ ಏರಿಸಿ ಇಳಿಸಿದೆ. ಇನ್ನೂ ಸದ್ದಿತ್ತು. ಇನ್ನು ಕಾಲು ಸುತ್ತು. ಚೈನಿನ ಸದ್ದು ಒಮ್ಮೆಗೇ ಹೋಗಿ ಬರೀ ಸರ್ ಅನ್ನುವ ಓಟ ಉಳಿಯಿತು. ಬೆರಳ ತುದಿ ಕಪ್ಪಾಗಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ಇದೊಂದು ಕೆಲಸ ಕಲಿತುಬಿಟ್ಟರೆ ಹೊಸ ಸೈಕಲ್ಲಿನ ಅರ್ಧ ದೂರು ದಾರಿಯಲ್ಲೇ ಮುಗಿಯುತ್ತದೆ.

ಈಗ ಟೈರು. ಈ ಸೈಕಲ್ಲಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಯಾವುದು ಅಂದರೆ ಫ್ರೇಮೂ ಅಲ್ಲ, ಬ್ರೇಕೂ ಅಲ್ಲ, ಟೈರಿನ ಗಾಳಿ. 700 ಸಿ ಚಕ್ರಕ್ಕೆ 38 ಮಿ.ಮೀ. ಟೈರ್, ಟ್ಯೂಬ್‌ಲೆಸ್. ಈ 700 ಅನ್ನುವುದು ಹಳೇ ಕಾಲದ ಒಂದು ಸುಮಾರಿನ ಹೆಸರು, ಟೈರು ರಿಮ್ಮಿನಲ್ಲಿ ಕೂರುವ ಅಳತೆ ನಿಜವಾಗಿ 622 ಮಿ.ಮೀ. ಟೈರ್ ಕೊಳ್ಳುವಾಗ ಪಕ್ಕದಲ್ಲಿ 38-622 ಅಂತ ಇರುವುದನ್ನು ನೋಡಿದರೆ ಗೊಂದಲವಿಲ್ಲ. ಮೊದಲು ಎರಡೂ ಟೈರಿಗೆ 55 ಪಿಎಸ್‌ಐ ತುಂಬಿಸಿದ್ದೆ. ಡಾಂಬರಿನಲ್ಲಿ ಬಿರುಸಾಗಿ ಓಡುತ್ತಿದೆ ಅನ್ನಿಸಿತು. ನಾಲೆ ದಾರಿಗೆ ಇಳಿದ ತಕ್ಷಣ ಹಲ್ಲು ಕಟಕಟ. ಜಲ್ಲಿಯ ಮೇಲೆ ಮುಂದಿನ ಚಕ್ರ ಪುಟಿದು ಪುಟಿದು ತನಗೆ ಬೇಕಾದ ಕಡೆ ಹೋಗುತ್ತಿತ್ತು. ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದೆ. 50, 45, ಆಮೇಲೆ ಹಿಂದೆ 39, ಮುಂದೆ 36. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಅದಕ್ಕೆ ಅಲ್ಲಿ ಮೂರು ಜಾಸ್ತಿ.

ಆ 39ಕ್ಕೆ ಇಳಿಸಿದ ದಿನ ನಾಲೆ ದಾರಿಯೇ ಬದಲಾಯಿತೇನೋ ಅನ್ನಿಸಿತು. ಕಲ್ಲು ಬಂದರೆ ಟೈರು ಒಳಕ್ಕೆ ಒತ್ತಿಕೊಂಡು ಅದನ್ನು ನುಂಗಿ ಮುಂದೆ ಹೋಗುತ್ತದೆ, ಇಡೀ ಸೈಕಲ್ ಮೇಲೆ ಹಾರುವುದಿಲ್ಲ. ಹಾರಿದ ಪ್ರತಿ ಸಲವೂ ನಾವು ತುಳಿದ ಶಕ್ತಿ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ, ಮುಂದಕ್ಕಲ್ಲ. ಗಟ್ಟಿ ಟೈರ್ ವೇಗ ಅನ್ನುವುದು ನಯವಾದ ಟ್ರ್ಯಾಕಿಗೆ ನಿಜ, ನಮ್ಮ ನಿಮ್ಮ ರಸ್ತೆಗಲ್ಲ. ತೀರಾ ಇಳಿಸಿದರೆ ಗುಂಡಿಯಲ್ಲಿ ರಿಮ್ಮಿಗೇ ಏಟು, ತಿರುವಿನಲ್ಲಿ ಟೈರು ಓಲಾಡುತ್ತದೆ. ನನ್ನ ಅಂಕಿ ನಿಮಗೆ ಆಗುವುದಿಲ್ಲ. ನಿಮ್ಮ ತೂಕ ಬೇರೆ, ಟೈರಿನ ಅಗಲ ಬೇರೆ. ಟೈರಿನ ಪಕ್ಕ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿ ಅನ್ನುವ ಸಲಹೆ ಅಲ್ಲ.

ಟ್ಯೂಬ್‌ಲೆಸ್ ಬಗ್ಗೆ ಅನುಮಾನ ಇತ್ತು. ಒಳಗೆ ಹಾಲಿನಂಥ ಸೀಲಂಟ್ ಹಾಕುವುದು, ಗಾಳಿ ತುಂಬುವಾಗ ಟೈರು ರಿಮ್ಮಿನ ಅಂಚಿಗೆ ಪಟ್ ಪಟ್ ಅಂತ ಕೂರುವುದು, ಮೊದಲ ದಿನ ಗಾಳಿ ಸೋರುವುದು, ಇದೆಲ್ಲ ರಗಳೆಯೇ. ಆದರೆ ಒಂದು ದಿನ ಮನೆಗೆ ಬಂದು ತೊಳೆಯುವಾಗ ಹಿಂದಿನ ಟೈರಿನಲ್ಲಿ ಮುಳ್ಳು ಮುರಿದು ಕೂತಿತ್ತು, ಸುತ್ತ ಒಣಗಿದ ಬಿಳಿ ಕಲೆ. ಯಾವಾಗ ಚುಚ್ಚಿತೋ ಗೊತ್ತೇ ಆಗಿರಲಿಲ್ಲ. ಅವತ್ತಿಂದ ಅನುಮಾನ ಹೋಯಿತು. ಸೀಲಂಟ್ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕುತ್ತಿರಬೇಕು. ಒಂದು ಟ್ಯೂಬನ್ನೂ ಜತೆಗೆ ಇಟ್ಟುಕೊಂಡೇ ಹೋಗುತ್ತೇನೆ, ದೊಡ್ಡ ಗಾಯಕ್ಕೆ ಸೀಲಂಟ್ ಸಾಲದು.

ಏರು ಹೇಗಾಯಿತು ಅಂದರೆ, ಲೆಕ್ಕ ಹಾಕಿದ ಹಾಗೇ ಆಯಿತು. ಅಂಥ ಪವಾಡವೇನಿಲ್ಲ. 10 ಪರ್ಸೆಂಟಿನ ತುಂಡಿನಲ್ಲಿ 30ಕ್ಕೆ 34 ಹಾಕಿ ಸೀಟಿನಲ್ಲಿ ಕೂತೇ ತುಳಿದೆ, ಉಸಿರು ಮೇಲೆ ಬಂತು, ಮಂಡಿ ಸುಮ್ಮನಿತ್ತು. ಬೇಕಾಗಿದ್ದು ಅಷ್ಟೇ. ಇಳಿಜಾರಿನಲ್ಲಿ ಮಾತ್ರ ಹೊಸ ಸೈಕಲ್ ಅಂತ ನಿಜವಾಗಿ ಅನ್ನಿಸಿದ್ದು. ಹ್ಯಾಂಡಲಿನ ಕೆಳಗಿನ ಬಾಗು ಹಿಡಿದರೆ ಮೈಭಾರ ತಗ್ಗಿಗೆ ಬರುತ್ತದೆ, ಲಿವರ್ ಮೇಲೆ ಒಂದೊಂದೇ ಬೆರಳು ಸಾಕು, ತಿರುವಿಗೆ ಮೊದಲೇ ಎಷ್ಟು ಬೇಕೋ ಅಷ್ಟು ವೇಗ ಕಳೆದು, ತಿರುವಿನ ಒಳಗೆ ಬ್ರೇಕ್ ಬಿಟ್ಟು, ಕಣ್ಣು ತಿರುವಿನಾಚೆಗೆ ಇಟ್ಟರೆ ಸೈಕಲ್ ತಾನೇ ಬಳಸಿಕೊಂಡು ಹೋಗುತ್ತದೆ. ಒದ್ದೆ ರಸ್ತೆಯಲ್ಲೂ ಆ ಅರ್ಧ ಸೆಕೆಂಡಿನ ಖಾಲಿ ಇಲ್ಲ.

ಎದುರುಗಾಳಿಯ ತುಂಡಿನಲ್ಲಿ ಕೆಳಕ್ಕೆ ಬಾಗಿದ ಈ ಡ್ರಾಪ್ ಹ್ಯಾಂಡಲ್ ತನ್ನ ಬೆಲೆ ತೋರಿಸಿತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. 25ರಲ್ಲಿ ಹೋಗುವವನು 30ಕ್ಕೆ ಏರಿಸಿದರೆ ಗಾಳಿಗಾಗಿ ಖರ್ಚಾಗುವ ಶಕ್ತಿ ನೂರಕ್ಕೆ 70ಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಆದ್ದರಿಂದ ಕಾಲಿನ ಬಲ ಹೆಚ್ಚಿಸುವುದಕ್ಕಿಂತ ತಲೆ ತಗ್ಗಿಸುವುದು ಅಗ್ಗ. ಮೂರು ಥರ ಹಿಡಿಯಬಹುದು, ಮೇಲೆ, ಲಿವರ್ ಹತ್ತಿರ, ಕೆಳಗಿನ ಬಾಗಿನಲ್ಲಿ. ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿದರೆ ಕೈ, ಬೆನ್ನು ಎರಡೂ ಸುಖ.

ಭಾನುವಾರ ಒಟ್ಟಿಗೆ ಹೊರಡುವ ಗುಂಪಿಗೆ ಸೈಕಲ್ ತೋರಿಸಿದ್ದು ಇದೆಲ್ಲ ಆದ ಮೇಲೆ. ಅಲ್ಲಿ ಒಬ್ಬೊಬ್ಬರದು ಒಂದೊಂದು. ಒಬ್ಬರದು 20 ಇಂಚಿನ ಚಕ್ರದ ಮಡಚುವ ಸೈಕಲ್, ಅವರಿಗೆ ಇಷ್ಟವಾದ ಸವಾರಿ ಅಂದರೆ ರೈಲಿನಲ್ಲಿ ದೂರ ಹೋಗಿ ಇಳಿದು ಗಾಳಿಯ ದಿಕ್ಕು ನೋಡಿಕೊಂಡು ಮನೆ ಕಡೆ ತುಳಿಯುವುದು. ಬುದ್ಧಿವಂತರು. ಇನ್ನೊಬ್ಬರದು ಮೋಟರ್ ಸಹಾಯದ ಸೈಕಲ್. ಮಂಡಿ ಆಪರೇಷನ್ ಆದ ಮೇಲೆ ಏರು ಹತ್ತುವ ಆಸೆಯನ್ನೇ ಬಿಟ್ಟಿದ್ದರಂತೆ, ಈಗ ನಮಗಿಂತ ಮೊದಲು ಮೇಲೆ ಮುಟ್ಟಿ ನಗುತ್ತಾ ನಿಂತಿರುತ್ತಾರೆ. ಅದು ಮೋಸ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗುಂಪಿನ ಹಿರಿಯರೊಬ್ಬರದು ಹಳೆಯ ಸ್ಟೀಲ್ ರೋಡ್ ಬೈಕ್. ಗೇರ್ ಲಿವರ್ ಫ್ರೇಮಿನ ಕೊಳವೆಯ ಮೇಲಿದೆ, ಟಿಕ್ ಟಿಕ್ ಇಲ್ಲ, ಕಿವಿಯಲ್ಲಿ ಕೇಳಿಸಿಕೊಂಡೇ ಸರಿಮಾಡಬೇಕು. ಅವರು ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಹೊಸತು ಅಂತ ಇದರಲ್ಲಿ ಏನಿದೆ ಹೇಳು ಅಂದರು. ನಿಜ ತಾನೆ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೇಫ್ಟಿ ಸೈಕಲ್ಲಿಗೂ ಚೈನಿನಿಂದ ಓಡುವ ಹಿಂದಿನ ಚಕ್ರವೇ ಇತ್ತು, ಡನ್‌ಲಪ್ ಗಾಳಿ ಟೈರು ಬಂದದ್ದು 1888ರಲ್ಲಿ. ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೇಲರ್‌ಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು ಮಾತ್ರ 1937ರಲ್ಲಿ. ಅದಕ್ಕೂ ಮೊದಲು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಗೇರಿನಲ್ಲಿ ಹತ್ತುತ್ತಿದ್ದರು. ಅದಕ್ಕೇ ಮೈಲಿಗಲ್ಲಿಗೆ ಒರಗಿಸಿ ಅರ್ಧ ಸುತ್ತು ತಿರುಪು ತಿರುಗಿಸಿದ್ದನ್ನು ಅವರ ಮುಂದೆ ಹೇಳಿಕೊಳ್ಳಲಿಲ್ಲ. ಅವರು ಸೈಕಲ್ಲನ್ನು ಎತ್ತಿ ತೂಕ ನೋಡಲಿಲ್ಲ, ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಎಷ್ಟು? ಹಿಂದೆ 39. ತಲೆಯಾಡಿಸಿದರು. ಆ ತಲೆಯಾಟಕ್ಕೆ ನಾನು ಪಟ್ಟ ಸಂತೋಷ ಫೋಟೋಗೆ ಬಂದ ಹೊಗಳಿಕೆಯಿಂದ ಬರಲಿಲ್ಲ.

ಹಳೆಯ ಹೈಬ್ರಿಡ್ ಮಾರಲಿಲ್ಲ. ಇರಬೇಕಾದ ಸೈಕಲ್ಲುಗಳ ಸಂಖ್ಯೆ ಈಗಿರುವುದಕ್ಕಿಂತ ಒಂದು ಜಾಸ್ತಿ ಅನ್ನುವ ತಮಾಷೆ ಸೈಕಲ್ ಮಂದಿಯಲ್ಲಿ ಇದ್ದೇ ಇದೆ. ಅದಕ್ಕೆ ಕ್ಯಾರಿಯರ್, ಮಡ್‌ಗಾರ್ಡ್ ಹಾಕಿ ಸಾಮಾನು ತರಲು ಇಟ್ಟುಕೊಂಡಿದ್ದೇನೆ. ಅದರ ಅತಿ ಹಗುರ ಗೇರ್ 28ಕ್ಕೆ 32, ಹೊಸದರಷ್ಟೇ ಹಗುರ. ಅದನ್ನು ಓಡಿಸಿದ್ದಕ್ಕೇ ರೋಡ್ ಬೈಕಿನ 34ಕ್ಕೆ 28 ನನಗೆ ಭಾರ ಅಂತ ಕೊಳ್ಳುವ ಮೊದಲೇ ಗೊತ್ತಾಗಿದ್ದು.

ಈಗ ಕಣ್ಣು 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸವಾರಿಯ ಮೇಲೆ. ಇದು ಪಂದ್ಯವಲ್ಲ, 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ನಿಂತದ್ದು, ಪಂಕ್ಚರ್ ಹಾಕಿದ್ದು ಎಲ್ಲ ಆ ಲೆಕ್ಕದಲ್ಲೇ. ಗಂಟೆಗೆ 15 ಕಿ.ಮೀ. ಸರಾಸರಿಗೆ ಚೂರು ಕಡಿಮೆ. ಕಾಗದದ ಮೇಲೆ ಸುಲಭ. ಆದರೆ 55ಕ್ಕೆ ಸರಿಹೋದ ಸೀಟು 150ಕ್ಕೂ ಸರಿಹೋಗುತ್ತದಾ ಅನ್ನುವುದನ್ನು ನನ್ನ ಸುತ್ತು ಹೇಳುವುದಿಲ್ಲ, ಹಾಗಾಗಿ ಈ ತಿಂಗಳು ಅದನ್ನೇ ಒಂದೇ ದಿನ ಎರಡು ಸಲ ಸುತ್ತುವ ಯೋಚನೆ ಇದೆ. ಚೈನಿನ ಸವೆತ ಅಳೆಯುವ ಗೇಜ್ ಇಟ್ಟು ನೋಡಿದೆ, ಇನ್ನೂ 0.5 ಪರ್ಸೆಂಟ್ ಮುಟ್ಟಿಲ್ಲ, ಸದ್ಯಕ್ಕೆ ಬದಲಾಯಿಸಬೇಕಿಲ್ಲ. ಹಿಂದಿನ ಬ್ರೇಕ್ ಪ್ಯಾಡ್ ಮಾತ್ರ ಆ ಇಳಿಜಾರಿನಲ್ಲಿ ಚೆನ್ನಾಗಿ ಸವೆದಿದೆ. ಅರ್ಧ ಮಿಲಿಮೀಟರ್‌ಗೆ ಬರುವ ತನಕ ಕಾಯದೆ ಈ ವಾರವೇ ಹೊಸದು ಹಾಕಬೇಕು, ಮತ್ತೆ ಖಾಲಿ ರಸ್ತೆ ಹುಡುಕಿ ಆ ಹತ್ತಿಪ್ಪತ್ತು ಸಲದ ಕಿರುಚಾಟ.